ಬಿಪಿ ಮಾತ್ರೆ ಬಿಟ್ಟವರಿಗೆ ಕಥೆ ಹೇಳುವುದು ಹೇಗೆ

"ಮಾತ್ರೆ ತಗೊಂಡ್ರಾ?" ಅಂತ ನಮ್ಮ ಅತ್ತೆಯನ್ನು ಎರಡು ವರ್ಷ ದಿನಾ ಕೇಳಿದ್ದೇನೆ. ಹೂಂ ಅನ್ನುತ್ತಿದ್ದರು. ಒಂದು ದಿನ ಒಗ್ಗರಣೆಗೆ ಅಂತ ಸಾಸಿವೆ ಡಬ್ಬಿ ತೆಗೆದರೆ ಒಳಗೆ ಮಾತ್ರೆ ಶೀಟು, ಹತ್ತರಲ್ಲಿ ಎಂಟು ಹಾಗೇ ಇವೆ. ತಲೆಸುತ್ತು ನಿಂತಿತ್ತಂತೆ, ಇನ್ಯಾಕೆ ಮಾತ್ರೆ ಅಂತ ಬಿಟ್ಟಿದ್ದರು.

ಅವತ್ತಿನಿಂದ ಕೇಳುವುದನ್ನು ನಿಲ್ಲಿಸಿ ಕಥೆ ಹಿಡಿದೆ. ಈಗ ನಮ್ಮ ಮಹಿಳಾ ಸಂಘದಲ್ಲೂ ಹೇಳುತ್ತೇನೆ. ಹೇಗೆ ಅಂತ ಬರೆಯುತ್ತೇನೆ, ನಿಮ್ಮ ಮನೆಯ ಹಿರಿಯರಿಗೂ ಉಪಯೋಗ ಆಗಬಹುದು.

ಕಥೆ ಕಟ್ಟುವ ಮೊದಲು ಕಿವಿ ಕೊಡಿ. ಯಾಕೆ ಬಿಟ್ಟಿರಿ ಅಂತ ಕೋಪ ಇಲ್ಲದೆ ಕೇಳಿ. "ಆರಾಮಾಗಿದ್ದೀನಲ್ಲ", "ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತಂತೆ", "ಒಮ್ಮೆ ಶುರು ಮಾಡಿದ್ರೆ ಬಿಡೋ ಹಾಗಿಲ್ಲ", "ಆಸ್ಪತ್ರೆಗೆ ಎರಡು ಬಸ್ಸು ಹತ್ತಬೇಕು". ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮಾತ್ರೆ, ಉಪ್ಪು, ವಾಕಿಂಗ್ ಎಲ್ಲವನ್ನೂ ಒಂದೇ ಕಥೆಗೆ ತುರುಕಿದರೆ ಯಾವುದೂ ಉಳಿಯುವುದಿಲ್ಲ. ಉಪ್ಪಿನ ಕಥೆ ಇನ್ನೊಂದು ದಿನ ಇರಲಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಅದೇ ಒಂದು ದೊಡ್ಡ ಕಥೆ.

ಇನ್ನು ಪಾತ್ರ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಮೆಕ್ಸಿಕೊದ ಮಿಗೆಲ್ ಸಬಿಡೊ 1970ರ ದಶಕದಲ್ಲಿ ಟಿವಿ ಧಾರಾವಾಹಿಗಳನ್ನು ಹೀಗೆ ಕಟ್ಟಿದರು: ಸರಿಯಾಗಿ ನಡೆಯುವವರು ಕೆಲವರು, ತಪ್ಪುವವರು ಕೆಲವರು, ನಡುವೆ ಅತ್ತ ಇತ್ತ ತೂಗಾಡುವವರು. ನೋಡುವವರು ಹೆಜ್ಜೆ ಹಾಕುವುದು ಈ ನಡುವಿನವರ ಜೊತೆ. ನಮ್ಮ ದೂರದರ್ಶನದಲ್ಲಿ 1984ರಲ್ಲಿ ಶುರುವಾದ 'ಹಮ್ ಲೋಗ್' ಕೂಡ ಇದೇ ದಾರಿಯದು. ಅದರಲ್ಲಿ ಎಲ್ಲವನ್ನೂ ಸಹಿಸಿಕೊಂಡು ಹೋಗುವ ತಾಯಿ ಭಾಗವಂತಿಯನ್ನು ಹೀಗಿರಬೇಡಿ ಅಂತ ತೋರಿಸಲು ತಂದಿದ್ದರು, ಆದರೆ ಎಷ್ಟೋ ಹೆಂಗಸರು ಅವಳನ್ನೇ ಮೆಚ್ಚಿಕೊಂಡರು! ಅದಕ್ಕೇ ಹೇಳುವುದು, ದಿನಾ ಉಪ್ಪಿನಕಾಯಿ ತಿಂದು ತೊಂಬತ್ತು ವರ್ಷ ಬದುಕಿದ ಗಟ್ಟಿ ಅಜ್ಜನನ್ನು ಕಥೆಯೊಳಗೆ ಬಿಟ್ಟುಕೊಳ್ಳಬೇಡಿ, ಕೇಳಿದವರು ಅವನನ್ನೇ ಮನೆಗೆ ಕರೆದುಕೊಂಡು ಹೋಗುತ್ತಾರೆ.

ನನ್ನ ಕಥೆಯಲ್ಲಿ ಗೌರಮ್ಮ ಇದ್ದಾಳೆ. ಮೂರು ತಿಂಗಳು ಸರಿಯಾಗಿ ಮಾತ್ರೆ ನುಂಗಿದವಳು. ಮಗಳ ಸೀಮಂತಕ್ಕೆ ಹೊರಟಾಗ ಬ್ಯಾಗಿಗೆ ಸೀರೆ, ಬಳೆ, ಕೊಬ್ಬರಿ ಮಿಠಾಯಿ ಎಲ್ಲ ತುಂಬಿದಳು. ಮಾತ್ರೆ ಶೀಟು ಕೈಗೆ ಬಂತು. ನಾಲ್ಕು ದಿನಕ್ಕೇನಾಗುತ್ತೆ ಅಂತ ಗೂಡಿನಲ್ಲೇ ಇಟ್ಟಳು. ನಾಲ್ಕು ದಿನ ಇಪ್ಪತ್ತಾಯಿತು. ಒಂದಿನ ಮಗಳನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ಸಿಸ್ಟರ್ ಸುಮ್ನೆ ಇವಳ ಬಿಪಿಯನ್ನೂ ನೋಡಿದರು. 170/100. "ನನಗೇನೂ ಆಗ್ತಿಲ್ವಲ್ಲ" ಅಂದಳು ಗೌರಮ್ಮ.

ಇಲ್ಲಿ ನಿಲ್ಲಿಸಿ. "ಈಗ ಇವಳು ಏನು ಮಾಡಬೇಕು?" ಅಂತ ಕೇಳಿ, ಉತ್ತರ ನೀವೇ ಹೇಳಬೇಡಿ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ, ಆಮೇಲೆ ಯಾರಾದರೂ ಒಬ್ಬರು ತಮ್ಮದೇ ಕಥೆ ತೆಗೆಯುತ್ತಾರೆ. ಆಗ ಮಾತು ಸೇರಿಸಿ: 140/90 ದಾಟಿದರೂ ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ, ಮತ್ತು ಕಿಡ್ನಿಯನ್ನು ಹಾಳು ಮಾಡುವುದು ಹತೋಟಿಗೆ ಬಾರದ ಬಿಪಿ.

ಹೆದರಿಸಬೇಡಿ. ಲಕ್ವ ಹೊಡೆಯುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕಥೆ ಅಲ್ಲೇ ಮುಗಿದರೆ ಕೇಳುವವರು ಮನಸ್ಸಿನ ಬಾಗಿಲು ಹಾಕಿಕೊಳ್ಳುತ್ತಾರೆ. ಕೈಗೆ ಒಂದು ಸುಲಭದ ಕೆಲಸ ಕೊಟ್ಟು ಮುಗಿಸಿ. ಗೌರಮ್ಮ ಡಾಕ್ಟರನ್ನು ಕಂಡು ಮತ್ತೆ ಮಾತ್ರೆ ಶುರು ಮಾಡಿದಳು, ಶೀಟನ್ನು ಕಾಫಿಪುಡಿ ಡಬ್ಬಿಯ ಪಕ್ಕ ಇಟ್ಟಳು. ಕಾಫಿ ಮರೆಯುವವಳಲ್ಲ ಅವಳು.

ಊರಿನವರ ಕಥೆಯನ್ನು ಹೆಸರು ಬದಲಿಸಿ ಹೇಳಿದರೂ ಗುರುತು ಸಿಗುತ್ತದೆ, ಅದಕ್ಕೆ ಊರು, ಮಕ್ಕಳು, ಕಾರಣ ಎಲ್ಲ ಬದಲಿಸಿ. ಕಾಯಿಲೆಯ ವಿಷಯದಲ್ಲಿ ಮಾತ್ರ ಒಂದಕ್ಷರವೂ ಸುಳ್ಳು ಬೇಡ. ಅನುಮಾನ ಇದ್ದರೆ ಆಶಾ ಕಾರ್ಯಕರ್ತೆಯನ್ನೋ ಸಿಸ್ಟರನ್ನೋ ಮೊದಲೇ ಕೇಳಿಕೊಳ್ಳಿ. ಮುಂದಿನ ವಾರ ಸಿಕ್ಕಾಗ "ತಗೊಂಡ್ರಾ" ಅನ್ನಬೇಡಿ, "ಶೀಟು ಎಲ್ಲಿಟ್ಟಿದ್ದೀರಿ?" ಅನ್ನಿ. ಆಗ ಹೂಂ ಅಂದರೆ ಸಾಲದು, ಜಾಗ ಹೇಳಲೇಬೇಕು.

ಮೊನ್ನೆ ಅತ್ತೆ ಪಕ್ಕದ ಮನೆಯವರಿಗೆ ಗೌರಮ್ಮನ ಕಥೆ ಹೇಳುತ್ತಿದ್ದರು, ನಾನು ಒಳಗಿನಿಂದ ಕೇಳಿಸಿಕೊಂಡೆ. ಅವರ ಕಥೆಯಲ್ಲಿ ಗೌರಮ್ಮ ಶೀಟು ಬಿಟ್ಟುಬಂದಿದ್ದು ಗೂಡಿನಲ್ಲಲ್ಲ, ಸಾಸಿವೆ ಡಬ್ಬಿಯಲ್ಲಿ.