ಮೇಲಿನ ಮನೇಲಿ ಶವರ್ ಸಣ್ಣಗೆ ಬರ್ತಿದ್ಯಾ? ಪಂಪ್ ತಗೊಳ್ಳೋಕೆ ಮುಂಚೆ ಪ್ರೆಷರ್ ಅಳೆದು ನೋಡೋದು ಹೇಗೆ

ಬೆಂಗಳೂರಿನ 30×40 ಸೈಟ್ ಮನೆಗಳಲ್ಲಿ ಇದು ತುಂಬಾ ಕಾಮನ್, ಗ್ರೌಂಡ್ ಫ್ಲೋರ್ ಅವ್ರಿಗೆ ನೀರು ಜೋರಾಗಿ ಬರುತ್ತೆ, ಟೆರೇಸ್ ಕೆಳಗೇ ಇರೋ ಮನೇಲಿ ಶವರ್ ತಿರುಗಿಸಿದ್ರೆ ತೊಟ್ಟಿಕ್ಕುತ್ತೆ. ಟ್ಯಾಂಕ್ ನಮ್ಮ ತಲೆ ಮೇಲೇ ಇದೆ, ನಮಗೇ ತಾನೆ ಜಾಸ್ತಿ ಬರ್ಬೇಕು ಅಂತ ತುಂಬಾ ಜನ ಕೇಳ್ತಾರೆ. ಆದ್ರೆ ಟ್ಯಾಂಕ್ ಹತ್ರ ಇದ್ದಷ್ಟೂ ಪ್ರೆಷರ್ ಕಮ್ಮಿನೇ. ಪ್ರೆಷರ್ ಬರೋದು ಎತ್ತರದಿಂದ ಮಾತ್ರ. ಪ್ಲಂಬರ್ ಬಂದು ನೋಡಿ ಪಂಪ್ ಹಾಕ್ಸಿ ಸಾರ್ ಅಂದ್ರೆ ಸಾವಿರಾರು ರೂಪಾಯಿ ಖರ್ಚು, ಅದಕ್ಕಿಂತ ಮುಂಚೆ ಒಂದು ಬಕೆಟ್, ಒಂದು ಟ್ರಾನ್ಸ್‌ಪರೆಂಟ್ ಟ್ಯೂಬ್, ಒಂದು ಅಳತೆ ಟೇಪು ಇಟ್ಕೊಂಡು ತೊಂದರೆ ಎಲ್ಲಿದೆ ಅಂತ ನೀವೇ ಕಂಡುಹಿಡೀಬಹುದು.

ಮೊದಲು ಎತ್ತರದ ಲೆಕ್ಕ. ನೀರು 10 ಮೀಟರ್ ಎತ್ತರದಲ್ಲಿ ನಿಂತಿದ್ರೆ ಕೆಳಗೆ ಸುಮಾರು 1 ಬಾರ್ (ಪ್ರೆಷರ್ ಅಳೆಯೋ ಯೂನಿಟ್) ಪ್ರೆಷರ್, ಅಂದ್ರೆ ಒಂದೊಂದು ಮೀಟರಿಗೂ 0.1 ಬಾರ್. ಫ್ಲೋರಿಂದ ಫ್ಲೋರಿಗೆ 10 ಅಡಿ, ಶವರ್ 7 ಅಡಿ ಮೇಲಿದೆ, ಟೆರೇಸ್ ಮೇಲೆ 2 ಅಡಿ ಸ್ಟ್ಯಾಂಡಲ್ಲಿ ಟ್ಯಾಂಕ್ ಕೂತಿದೆ ಅಂದ್ಕೊಳ್ಳಿ. ಮೇಲಿನ ಮನೆ ಶವರಿಂದ ಟ್ಯಾಂಕ್ ತಳಕ್ಕೆ ಬರೀ 5 ಅಡಿ, ಒಂದೂವರೆ ಮೀಟರ್, 0.15 ಬಾರ್. ಅದರ ಕೆಳಗಿನ ಮನೆಗೆ 0.46, ಅದಕ್ಕೂ ಕೆಳಗಿನ ಮನೆಗೆ 0.76. ಒಂದೇ ಟ್ಯಾಂಕ್, ಆದ್ರೆ ಮೇಲಿಂದ ಕೆಳಕ್ಕೆ ಐದು ಪಟ್ಟು ವ್ಯತ್ಯಾಸ! ಟ್ಯಾಂಕ್ ತುಂಬಿದ್ದಾಗ ಒಳಗಿರೋ ನೀರಿನ ಎತ್ತರ ಇನ್ನೂ 3-4 ಅಡಿ ಸೇರುತ್ತೆ, ಅದಕ್ಕೇ ಮೋಟ್ರು ಹಾಕಿ ಟ್ಯಾಂಕ್ ತುಂಬಿಸಿದ ಮೇಲೆ ಮೇಲಿನ ಮನೇಲಿ ಸ್ವಲ್ಪ ಜೋರು ಬರೋದು, ಸಂಜೆ ಹೊತ್ತಿಗೆ ಇಳಿಯೋದು.

500 ಲೀಟರ್ ತೆಗೆದು 2000 ಲೀಟರ್ ಟ್ಯಾಂಕ್ ಇಟ್ರೆ ಪ್ರೆಷರ್ ಜಾಸ್ತಿ ಆಗುತ್ತೆ ಅಂತ ಅನ್ಕೊಂಡಿರೋರು ಇದ್ದಾರೆ, ದಯವಿಟ್ಟು ಅದಕ್ಕೆ ದುಡ್ಡು ಹಾಕ್ಬೇಡಿ. ನೀರಿನ ಮಟ್ಟ ಅಷ್ಟೇ ಇದ್ರೆ ಪ್ರೆಷರೂ ಅಷ್ಟೇ, ಪಾತ್ರೆ ಎಷ್ಟು ಅಗಲ ಇದ್ರೂ ಲೆಕ್ಕಕ್ಕೆ ಬರಲ್ಲ. ಇದನ್ನ ಸೈಮನ್ ಸ್ಟೆವಿನ್ ಅನ್ನೋ ಎಂಜಿನಿಯರ್ 1586ರಲ್ಲೇ ಬರೆದಿಟ್ಟಿದ್ದ.

ಈಗ ಬಕೆಟ್. ಶವರ್ ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ಎಷ್ಟೊತ್ತಿಗೆ ತುಂಬುತ್ತೆ ಅಂತ ಫೋನಲ್ಲಿ ಟೈಮ್ ನೋಡಿ. ಒಂದು ನಿಮಿಷ ಆದ್ರೆ ನಿಮಿಷಕ್ಕೆ 10 ಲೀಟರ್, ಅದು ಆರಾಮಾಗಿ ಸಾಕು. ಎರಡು ನಿಮಿಷ ಆದ್ರೆ 5 ಲೀಟರ್, ಸ್ನಾನಕ್ಕೆ ಕಿರಿಕಿರಿ. ಆಮೇಲೆ ಶವರ್ ಹೆಡ್ ಬಿಚ್ಚಿ ಬರೀ ಪೈಪಿಂದ ಅದೇ ಬಕೆಟ್ ತುಂಬಿಸಿ. ಬಿಚ್ಚಿದ ಮೇಲೆ ಧಾರಾಕಾರ ಬಂತು ಅಂದ್ರೆ ತೊಂದರೆ ಹೆಡ್ಡಲ್ಲೇ. ಬೋರ್‌ವೆಲ್ ನೀರು ಅಥವಾ ಟ್ಯಾಂಕರ್ ನೀರು ಇರೋ ಏರಿಯಾಗಳಲ್ಲಿ ತೂತುಗಳಲ್ಲಿ ಬಿಳೀ ಉಪ್ಪು ಕಟ್ಕೊಂಡಿರುತ್ತೆ, ರಾತ್ರಿ ವಿನೆಗರಲ್ಲಿ ನೆನೆಹಾಕಿ ಬೆಳಿಗ್ಗೆ ಹಳೇ ಬ್ರಶಲ್ಲಿ ಉಜ್ಜಿ. ದೊಡ್ಡ ರೇನ್ ಶವರ್ ಆಗಿದ್ರೆ ಬಾಕ್ಸ್ ಮೇಲೆ ಮಿನಿಮಮ್ ಪ್ರೆಷರ್ ಎಷ್ಟು ಬರೆದಿದೆ ನೋಡಿ, 1 ಬಾರ್ ಕೇಳೋ ಶವರನ್ನ 0.15 ಬಾರ್ ಇರೋ ಕಡೆ ಹಾಕಿದ್ರೆ ಅದು ಯಾವತ್ತೂ ಚೆನ್ನಾಗಿ ಬರಲ್ಲ. ಇನ್ನೊಂದು, 2024ರ ಬೇಸಿಗೇಲಿ ನೀರಿಗೆ ತತ್ವಾರ ಆದಾಗ ಅಪಾರ್ಟ್‌ಮೆಂಟುಗಳಿಗೆ ಜಲಮಂಡಳಿ ಏರೇಟರ್ (ನೀರಿಗೆ ಗಾಳಿ ಬೆರೆಸಿ ನೀರು ಉಳಿಸೋ ಜಾಲರಿ) ಕಡ್ಡಾಯ ಮಾಡಿತ್ತಲ್ಲ, ನಲ್ಲಿ ಬಾಯಲ್ಲಿ ಅದು ಇದ್ರೆ ಧಾರೆ ಕಮ್ಮಿ ಬರೋದು ಸರಿಯೇ, ಅದನ್ನ ಕಿತ್ತು ಬಿಸಾಕ್ಬೇಡಿ, ಅಳೆಯೋ ಹೊತ್ತಿಗೆ ಮಾತ್ರ ಬಿಚ್ಚಿಡಿ.

ಬಿಚ್ಚಿದ ಮೇಲೂ ಸಣ್ಣಗೇ ಬಂದ್ರೆ ಟ್ಯೂಬ್ ಟೆಸ್ಟ್ ಮಾಡಿ. ನನಗೆ ಇದು ತುಂಬಾ ಇಷ್ಟ, ಯಾಕಂದ್ರೆ ಗೋಡೆಯೊಳಗೆ ಕಾಣದೇ ಇರೋ ಪೈಪಲ್ಲಿ ಏನಾಗ್ತಿದೆ ಅಂತ ಕಣ್ಣಿಗೆ ತೋರಿಸುತ್ತೆ. ಮೇಸ್ತ್ರಿಗಳು ಪಾಯ ಹಾಕೋವಾಗ ಮಟ್ಟ ನೋಡೋಕೆ ಹಿಡಿಯೋ ಟ್ಯೂಬ್ ಇದ್ಯಲ್ಲ, ಅದೇ ಅರ್ಧ ಇಂಚಿಂದು ಹಾರ್ಡ್‌ವೇರ್ ಅಂಗಡೀಲಿ 20-25 ಅಡಿ ಕಟ್ ಮಾಡಿಸ್ಕೊಳ್ಳಿ, ಒಂದು ಕ್ಲ್ಯಾಂಪೂ ತಗೊಳ್ಳಿ. ಬಾತ್‌ರೂಮಲ್ಲಿ ಬಕೆಟ್ ನಲ್ಲಿಗೆ ಒಂದು ತುದಿ ಸಿಕ್ಕಿಸಿ ಕ್ಲ್ಯಾಂಪ್ ಬಿಗಿ ಮಾಡಿ, ಇನ್ನೊಂದು ತುದೀನ ವೆಂಟಿಲೇಟರಿಂದ ಹೊರಗೆ ಬಿಟ್ಟು, ಟೆರೇಸಲ್ಲಿರೋರು ಹಗ್ಗ ಇಳಿಸಿ ಮೇಲಕ್ಕೆ ಎಳ್ಕೊಂಡು, ಟ್ಯಾಂಕಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿ ಬಾಯಿ ಮೇಲೆ ಮಾಡಿ ಕಟ್ಟಿ. ಪ್ಯಾರಾಪೆಟ್ ಮೇಲೆ ಹತ್ತೋದು ಬೇಡ. ಈಗ ನಲ್ಲಿ ತಿರುಗಿಸಿ, ನೀರು ಟ್ಯೂಬಲ್ಲಿ ಏರಿ ಒಂದು ಕಡೆ ನಿಲ್ಲುತ್ತೆ, ಗುಳ್ಳೆ ಇದ್ರೆ ಬೆರಳಲ್ಲಿ ತಟ್ಟಿ ಹೊರಗೆ ಬಿಡಿ.

ಮನೇಲಿ ಎಲ್ಲೂ ನೀರು ಬಿಡದೇ ಇದ್ದಾಗ ಟ್ಯೂಬಿನ ಮಟ್ಟ ಟ್ಯಾಂಕಿನ ನೀರಿನ ಮಟ್ಟಕ್ಕೇ ಬರ್ಬೇಕು. ಸ್ವಲ್ಪ ಹೊತ್ತು ಕಾದ್ರೂ ಕೆಳಗೇ ನಿಂತಿದ್ರೆ ಹೆಚ್ಚಾಗಿ ಪೈಪಲ್ಲಿ ಗಾಳಿ ಕಟ್ಕೊಂಡಿರುತ್ತೆ. ಮಟ್ಟ ಸರಿ ಇದ್ರೆ ಶವರ್ ಹೆಡ್ ಮತ್ತೆ ಹಾಕಿ, ಒಬ್ರು ತಿರುಗಿಸಿ, ಇನ್ನೊಬ್ರು ಟ್ಯೂಬ್ ನೋಡ್ತಿರಿ. ನೀರು ಹರಿಯೋಕೆ ಶುರು ಆದ ತಕ್ಷಣ ಮಟ್ಟ ಇಳಿಯುತ್ತೆ, ಆ ಇಳಿದಷ್ಟು ಅಡಿ ಪೈಪು, ಎಲ್ಬೋ, ವಾಲ್ವುಗಳು ತಿಂದು ಹಾಕಿದ ಪ್ರೆಷರ್. ಟ್ಯಾಂಕ್ ನೀರಿಂದ ಶವರಿಗೆ 8 ಅಡಿ ಇದ್ದು ಟ್ಯೂಬಲ್ಲಿ 6 ಅಡಿ ಇಳೀತು ಅಂದ್ರೆ ಶವರಿಗೆ ಸಿಕ್ಕಿದ್ದು 2 ಅಡಿ ಮಾತ್ರ, ತಪ್ಪು ಲೈನಲ್ಲಿದೆ. ಅರ್ಧ ಅಡಿನೂ ಇಳೀದೆ ಶವರ್ ಮಾತ್ರ ಸಣ್ಣಗೆ ಬಂದ್ರೆ ಲೈನ್ ಚೆನ್ನಾಗಿದೆ, ಮಿಕ್ಸರ್ ಕಾರ್ಟ್ರಿಜ್ (ಬಿಸಿನೀರು ತಣ್ಣೀರು ಬೆರೆಸೋ ನಲ್ಲಿಯ ಒಳಗಿನ ಭಾಗ) ಅಥವಾ ಹೆಡ್ ಕಟ್ಕೊಂಡಿದೆ. ಮಣ್ಣಿನ ಅಣೆಕಟ್ಟುಗಳ ಒಳಗೆ ಜಿನುಗೋ ನೀರಿನ ಒತ್ತಡ ನೋಡೋಕೆ ಎಂಜಿನಿಯರ್‌ಗಳು ಇಳಿಸೋ ಪೀಜೋಮೀಟರ್ ಕೊಳವೆ ಕೂಡ ಇದೇ ತತ್ವದ ಮೇಲೆ ಕೆಲಸ ಮಾಡೋದು.

ಲೈನಲ್ಲಿ ತಪ್ಪು ಅಂದ್ರೆ ಮೊದಲು ಟ್ಯಾಂಕ್ ಹತ್ರ ಇರೋ ಗೇಟ್ ವಾಲ್ವ್ ನೋಡಿ, ಅರ್ಧ ಮುಚ್ಚಿರಬಹುದು, ಹಿಡಿ ತಿರುಗಿದ್ರೂ ಒಳಗಿನ ತಟ್ಟೆ ಮುರಿದು ಅಲ್ಲೇ ಕೂತಿರೋದೂ ಉಂಟು. ಗಾಳಿ ಕಟ್ಟೋದಕ್ಕೆ ಟ್ಯಾಂಕ್ ಔಟ್‌ಲೆಟ್ ಆದ ತಕ್ಷಣ ಒಂದು ಏರ್ ವೆಂಟ್ ಪೈಪ್ ಎಬ್ಬಿಸಿ, ಅದರ ಬಾಯಿ ಟ್ಯಾಂಕಿಗಿಂತ ಮೇಲಿರ್ಬೇಕು. ಇನ್ನು ಪೈಪ್ ಸೈಜು, ಇದರ ಬಗ್ಗೆ ಪ್ಲಂಬರ್ ಜೊತೆ ಗಟ್ಟಿಯಾಗೇ ಮಾತಾಡಿ. ಅಷ್ಟೇ ನೀರು ಹರಿಯೋವಾಗ ಪೈಪಲ್ಲಿ ಪೋಲಾಗೋ ಪ್ರೆಷರ್ ವ್ಯಾಸದ ಹೆಚ್ಚುಕಮ್ಮಿ ಐದನೇ ಘಾತಕ್ಕೆ ಇಳಿಯುತ್ತೆ, ಅರ್ಧ ಇಂಚಿನ ಬದಲು ಮುಕ್ಕಾಲು ಇಂಚು ಹಾಕಿದ್ರೆ ಲೆಕ್ಕದಲ್ಲಿ ಏಳು ಪಟ್ಟು ಕಮ್ಮಿ! ಟ್ಯಾಂಕಿಂದ ಬರೋ ಮೇನ್ ಲೈನ್ ಒಂದೂಕಾಲು ಇಂಚು, ಬಾತ್‌ರೂಮ್ ತನಕ ಒಂದು ಅಥವಾ ಮುಕ್ಕಾಲು ಇಂಚು, ಕೊನೇ ಎರಡು ಅಡಿ ಮಾತ್ರ ಅರ್ಧ ಇಂಚು ಇರ್ಲಿ. ಹೊಸ ಮನೆ ಕಟ್ಟಿಸ್ತಿರೋರು ಇದನ್ನ ಗಾರೆ ಮಾಡೋ ಮುಂಚೆನೇ ಹೇಳಿ.

ಇದೆಲ್ಲ ಸರಿ ಇದ್ರೂ ಸಾಲದು ಅಂದ್ರೆ ಟ್ಯಾಂಕನ್ನ ಮೆಟ್ಟಿಲು ರೂಮಿನ ಮೇಲಕ್ಕೆ ಎತ್ತಿಸಿ. 5 ಅಡಿ ಎತ್ತಿದ್ರೆ 5 ಅಡಿ ಇದ್ದ ಪ್ರೆಷರ್ ಡಬಲ್, ಕರೆಂಟ್ ಖರ್ಚು ಅಂದ್ರೆ ಸಂಪಿಂದ ಎತ್ತೋ ಮೋಟ್ರಿಗೆ ಸ್ವಲ್ಪ ಜಾಸ್ತಿ ಅಷ್ಟೇ. 1000 ಲೀಟರ್ ಅಂದ್ರೆ ಒಂದು ಟನ್, ಅದಕ್ಕೆ ಪಿಲ್ಲರ್, ಬೀಮ್ ಎಲ್ಲಿದೆ ಅಂತ ಎಂಜಿನಿಯರಿಗೆ ತೋರಿಸಿಯೇ ಇಡಿಸಿ.

ಪಂಪ್, ಅಂದ್ರೆ ಟ್ಯಾಂಕಿಂದ ಮನೆಗೆ ಇಳಿಯೋ ಲೈನಲ್ಲಿ ಕೂರಿಸೋ ಪ್ರೆಷರ್ ಪಂಪ್, ಅದಾದ ಮೇಲೆ. ಪಂಪ್ ಕೊಡೋ ಒತ್ತಡ ಮುಚ್ಚಿದ ನೀರಲ್ಲಿ ಎಲ್ಲಾ ಕಡೆಗೂ ಸಮಾನವಾಗಿ ಹರಡುತ್ತೆ, ಇದೇ ಪ್ಯಾಸ್ಕಲ್ ನಿಯಮ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ (ನೀರಿನ ಒತ್ತಡದಿಂದ ಅದುಮೋ ಯಂತ್ರ) ಪೇಟೆಂಟ್ ತಗೊಂಡಿದ್ದೂ, ಈಗ ರಸ್ತೆ ಅಗೆಯೋ ಜೆಸಿಬಿ ತೋಳು ಏಳೋದೂ ಇದೇ ನಿಯಮದಿಂದ. ಮನೇಲಿ ಇದರ ಅರ್ಥ ಏನಂದ್ರೆ, ಶವರಿಗೆ ಅಂತ ಹಾಕಿದ ಪ್ರೆಷರ್ ಗೋಡೆಯೊಳಗಿನ ಹಳೇ ಎಲ್ಬೋಗೂ, ಗೀಸರಿಗೂ ಅಷ್ಟೇ ಬೀಳುತ್ತೆ. 1 ರಿಂದ 1.5 ಬಾರ್ ಸಾಕು, ದೊಡ್ಡದು ಬೇಡ, ನೀರಿಲ್ಲದಾಗ ಪಂಪ್ ತಾನೇ ನಿಲ್ಲೋ ಡ್ರೈ ರನ್ ಪ್ರೊಟೆಕ್ಷನ್ ಇರ್ಲಿ, ಕರೆಂಟ್ ಹೋದಾಗ ನೀರು ಬರೋಕೆ ಪಕ್ಕದಲ್ಲೊಂದು ಬೈಪಾಸ್ ಲೈನ್ ಮತ್ತು ನೀರು ವಾಪಸ್ ಹೋಗದಂತೆ ತಡೆಯೋ ನಾನ್ ರಿಟರ್ನ್ ವಾಲ್ವ್ ಹಾಕಿಸಿ.

ಕಾವೇರಿ ಲೈನಿಗೆ ಮಾತ್ರ ನೇರವಾಗಿ ಮೋಟ್ರು ಹಾಕ್ಬೇಡಿ. ಜಲಮಂಡಳಿ ನಿಷೇಧ ಮಾಡಿದೆ, ದಂಡ ಬೀಳುತ್ತೆ, ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ ಎಳೆದಾಗ ಪೈಪೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ ಆಗಿ, ಎಲ್ಲೋ ಜಾಯಿಂಟ್ ಬಿಟ್ಟಿದ್ರೆ ಪಕ್ಕದ ಚರಂಡಿ ನೀರು ಒಳಗೆ ಬಂದು ಇಡೀ ಬೀದಿಗೆ ಹೋಗುತ್ತೆ. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರುತ್ತೆ, ಹತ್ರಹತ್ರ 500 ಮೀಟರ್ ಮೇಲಕ್ಕೆ ಏರುತ್ತೆ, ಒಂದೇ ಸಲ ತಳ್ಳೋಕೆ 50 ಬಾರ್ ಬೇಕು, ಅದಕ್ಕೇ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡ್ತಾರೆ. ಅಷ್ಟು ಕಷ್ಟಪಟ್ಟು ತಂದಿದ್ದನ್ನ ನಮ್ಮನೆ ಬಾಗಿಲಲ್ಲಿ ಕೆಡಿಸಬಾರದು.

ಸಂಪ್ ಆಳದ ವಿಷಯ ಕೇಳೋರಿಗೆ, ಮೇಲಿಟ್ಟ ಮೋಟ್ರು ನೀರನ್ನ ಎಳೆಯಲ್ಲ, ಗಾಳಿಯ ಒತ್ತಡ ಕೆಳಗಿಂದ ತಳ್ಳುತ್ತೆ. ಸಮುದ್ರ ಮಟ್ಟದಲ್ಲಿ ಅದರ ಮಿತಿ 10.3 ಮೀಟರ್, 920 ಮೀಟರ್ ಎತ್ತರದ ಬೆಂಗಳೂರಲ್ಲಿ ಸುಮಾರು 9.3. ನಿಜವಾಗಿ 6-7 ಮೀಟರ್ ದಾಟಿದ್ರೆ ಕಷ್ಟ, ಆಳ ಜಾಸ್ತಿ ಇದ್ರೆ ಸಬ್‌ಮರ್ಸಿಬಲ್ಲೇ ಹಾಕ್ಬೇಕು.

ಸೋಲಾರ್ ಇರೋರು ಪಂಪ್ ಹಾಕ್ಸೋ ದಿನ ಪಕ್ಕದಲ್ಲೇ ನಿಂತಿರಿ. ಗಾಜಿನ ಟ್ಯೂಬಿನ ಮಾಮೂಲಿ ಸೋಲಾರ್ ಟ್ಯಾಂಕುಗಳು ಪ್ರೆಷರ್ ತಡೆಯೋಕೆ ಮಾಡಿದ್ದಲ್ಲ, ಪಂಪ್ ಲೈನ್ ಅದರೊಳಗೆ ಕೊಟ್ರೆ ಸೀಲ್ ಕಿತ್ಕೊಂಡು ಬಿಸಿನೀರು ಹೊರಗೆ ಬರುತ್ತೆ. ಅದರ ತಣ್ಣೀರು ಲೈನ್ ಪಂಪಿಗಿಂತ ಮುಂಚೆನೇ, ಓವರ್‌ಹೆಡ್ ಟ್ಯಾಂಕಿಂದ ಬೇರೆಯಾಗಿ ಹೋಗ್ಲಿ, ಮತ್ತೆ ಅದರ ಮೇಲಿರೋ ಸಣ್ಣ ವೆಂಟ್ ಪೈಪನ್ನ ನೀರು ಚೆಲ್ಲುತ್ತೆ ಅಂತ ಯಾರಾದ್ರೂ ಕ್ಯಾಪ್ ಹಾಕಿ ಮುಚ್ಚೋಕೆ ಹೋದ್ರೆ ಬಿಡ್ಬೇಡಿ.