ಟಿಯೆಗ್ವಾನ್‌ಯಿನ್ ಚಹಾ ಮತ್ತು ನಾನು

ನಮ್ಮದು ಗ್ರಾನೈಟ್ ವ್ಯಾಪಾರ. ಕಲ್ಲಿನ ಮೇಳಕ್ಕೆಂದು ಚೀನಾದ ಷಿಯಾಮೆನ್‌ಗೆ ಹೋಗಿ ಬರುತ್ತಿರುತ್ತೇನೆ. ಅಲ್ಲಿ ಯಾರ ಆಫೀಸಿಗೆ ಹೋದರೂ ಮೊದಲು ಚಹಾ, ಆಮೇಲೆ ರೇಟಿನ ಮಾತು. ಹಾಗೆ ಕುಡಿದು ಕುಡಿದು ಹತ್ತಿರವಾದದ್ದು ಟಿಯೆಗ್ವಾನ್‌ಯಿನ್ ಎಂಬ ಊಲಾಂಗ್, ಅಂದರೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆ.

ಅದರ ತವರು ಷಿಯಾಮೆನ್ ಇರುವ ಫುಜಿಯಾನ್ ಪ್ರಾಂತ್ಯದ್ದೇ ಅನ್‌ಶಿ. ಹೆಸರಿನ ಹಿಂದೆ ಒಂದು ಕಥೆಯಿದೆ. ವೇ ಯಿನ್ ಅನ್ನುವ ಬಡ ರೈತ ದಿನಾ ಬೆಳಿಗ್ಗೆ ಗ್ವಾನ್‌ಯಿನ್ ದೇವಿಗೆ ಚಹಾ ನೈವೇದ್ಯ ಮಾಡುತ್ತಿದ್ದನಂತೆ. ಒಂದು ರಾತ್ರಿ ಕನಸಲ್ಲಿ ಬಂಡೆ ಸಂದಿಯಲ್ಲೊಂದು ಚಹಾ ಗಿಡ ಕಂಡಿತು. ಬೆಳಗಾಗಿ ಹುಡುಕಿದರೆ ನಿಜಕ್ಕೂ ಇತ್ತು! ತಂದು ಕಬ್ಬಿಣದ ಪಾತ್ರೆಯಲ್ಲಿ ನೆಟ್ಟ. ‘ಟಿಯೆ’ ಅಂದರೆ ಕಬ್ಬಿಣ. ಅದಕ್ಕೇ ಕಬ್ಬಿಣದ ಗ್ವಾನ್‌ಯಿನ್. ವಾಂಗ್ ಎಂಬ ವಿದ್ವಾಂಸ ಕಂಡುಹಿಡಿದ, ಚಿಯನ್‌ಲಾಂಗ್ ಚಕ್ರವರ್ತಿ ಹೆಸರಿಟ್ಟ ಅನ್ನುವ ಕಥೆಯೂ ಇದೆ. ನನಗೆ ರೈತನ ಕಥೆಯೇ ಇಷ್ಟ. ಈ ಗ್ವಾನ್‌ಯಿನ್ ನಮಗೆ ಹೊರಗಿನವಳೇನಲ್ಲ. ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನೇ ಚೀನಾದಲ್ಲಿ ಹೆಣ್ಣು ರೂಪ ತಾಳಿದ್ದು. ಮಂಗಳೂರಿನ ಕದ್ರಿಯಲ್ಲಿ ಕ್ರಿ.ಶ. 968ರ ಲೋಕೇಶ್ವರ ಮೂರ್ತಿ ನೋಡಿದ್ದೀರಲ್ವಾ? ಅದೇ ದೇವರ ಬಳಗ.

ಮೊದಲ ಸಲ ತಂದ ಪೊಟ್ಟಣವನ್ನು ಮನೆಯಲ್ಲಿ ಪೂರ್ತಿ ಹಾಳು ಮಾಡಿದೆ. ದೊಡ್ಡ ಪಾತ್ರೆ ನೀರಿಗೆ ಒಂದು ಚಮಚ ಹಾಕಿ ಐದು ನಿಮಿಷ ಕುದಿಸಿದ್ದೆ. ಬರೀ ಕಹಿ, ಪರಿಮಳವೇ ಇಲ್ಲ. ಮುಂದಿನ ಸಲ ಅಲ್ಲಿ ಚಹಾ ಮಾಡುವವರ ಕೈಯನ್ನೇ ನೋಡುತ್ತ ಕೂತೆ. ಆಗ ಗೊತ್ತಾಯಿತು, ಇದರ ಲೆಕ್ಕ ನಮ್ಮದಕ್ಕೆ ಪೂರ್ತಿ ಉಲ್ಟಾ. ಎಲೆ ಜಾಸ್ತಿ, ನೀರು ಕಮ್ಮಿ, ಹೊತ್ತು ಇನ್ನೂ ಕಮ್ಮಿ.

ಈಗ ನಾನು ಮಾಡುವುದು ಹೀಗೆ. 110 ಮಿಲಿಲೀಟರ್ ಹಿಡಿಯುವ ಗೈವಾನ್, ಅಂದರೆ ಮುಚ್ಚಳದ ಪಿಂಗಾಣಿ ಬಟ್ಟಲು. ಮೊದಲು ಬಿಸಿನೀರಿನಿಂದ ಅದನ್ನು ಕಾಯಿಸಿ, 7 ಗ್ರಾಂ ಎಲೆ ಹಾಕುತ್ತೇನೆ. ಎಲೆ ಗುಂಡುಗುಂಡಾಗಿ ಸುತ್ತಿಕೊಂಡಿರುತ್ತದೆ. ಬಟ್ಟಲಿಗೆ ಬಿದ್ದಾಗ ಮೆಣಸಿನ ಕಾಳು ಬಿದ್ದ ಹಾಗೆ ಸದ್ದು. ಮುಚ್ಚಿ ಒಂದೆರಡು ಸಲ ಅಲ್ಲಾಡಿಸಿ ಮೂಸುತ್ತೇನೆ. ಈ ಮೊದಲ ವಾಸನೆ ಮತ್ತೆ ಸಿಗುವುದಿಲ್ಲ. ಬಾಳೆಎಲೆಯಲ್ಲಿ ಕಟ್ಟಿಟ್ಟ ಮಲ್ಲಿಗೆ ಬಿಚ್ಚಿದ ಹಾಗಿರುತ್ತದೆ. ಅಲ್ಲಿಯವರು ಆರ್ಕಿಡ್ ಹೂವಿನ ಪರಿಮಳ ಅನ್ನುತ್ತಾರೆ.

ನೀರು ಚೆನ್ನಾಗಿ ಕುದಿಯಬೇಕು. ಬೆಂಗಳೂರಿನ ಎತ್ತರಕ್ಕೆ ಅದು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅಷ್ಟು ಸಾಕು. ಬೋರ್‌ವೆಲ್ ನೀರು ಮಾತ್ರ ಬೇಡ, ಆ ಗಡಸಿಗೆ ಪರಿಮಳ ಸತ್ತೇ ಹೋಗುತ್ತದೆ. ಅಂಚಿನವರೆಗೆ ತುಂಬಿದರೆ ಬೆರಳು ಸುಡುತ್ತದೆ, ಸ್ವಲ್ಪ ಕೆಳಗೇ ನಿಲ್ಲಿಸಿ. ಮೊದಲ ನೀರನ್ನು ತಕ್ಷಣ ಚೆಲ್ಲಿಬಿಡುತ್ತೇನೆ. ಎರಡನೆಯದಕ್ಕೆ 15 ಸೆಕೆಂಡು. ಆಮೇಲೆ ಪ್ರತಿ ಸಲ ಐದೈದು ಸೆಕೆಂಡು ಹೆಚ್ಚು. ಪ್ರತಿ ಸಲವೂ ಕೊನೆ ಹನಿವರೆಗೆ ಬಗ್ಗಿಸಲೇಬೇಕು. ಒಳಗೆ ನೀರು ಉಳಿದರೆ ಮುಂದಿನ ಬಟ್ಟಲು ಒಗರು.

ರುಚಿಗೆ ಹಾಲು, ಸಕ್ಕರೆ ಏನೂ ಬೇಡ. ನಾಲಿಗೆ ಮೇಲೆ ಸಣ್ಣಗೆ ಒಗರು, ನುಂಗಿದ ಮೇಲೆ ಗಂಟಲಲ್ಲಿ ಸಿಹಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಆ ಥರದ ಸಿಹಿ. ಅತಿಥಿಗಳಿಗೆ ಮಾಡಿದಾಗ ಕುಡಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ ಅನ್ನುತ್ತೇನೆ, ಆ ಸಿಹಿ ಬಂದಾಗ ಅವರ ಮುಖದಲ್ಲೇ ಗೊತ್ತಾಗುತ್ತದೆ. ಕೆಂಡದ ಕಾವಲ್ಲಿ ಹೆಚ್ಚು ಹುರಿದ ಬಗೆಯೂ ಸಿಗುತ್ತದೆ. ಅದರಲ್ಲಿ ಹೂವಿನ ಪರಿಮಳ ಕಮ್ಮಿ, ಹುರಿದ ಗೋಡಂಬಿಯ ಘಮ ಜಾಸ್ತಿ. ಮಳೆಗಾಲದ ಸಂಜೆಗೆ ನನಗೆ ಅದೇ ಬೇಕು.

ಏಳು ಸಲ ನೀರು ಹಾಕಿದರೂ ಪರಿಮಳ ಉಳಿಯುತ್ತದೆ ಅನ್ನುವುದು ಅಲ್ಲಿಯವರ ಮಾತು. ಒಳ್ಳೆ ಎಲೆಯಾದರೆ ನಿಜ. ಎಲ್ಲ ಮುಗಿದ ಮೇಲೆ ಒಂದು ಎಲೆಯನ್ನು ಬಿಳಿ ತಟ್ಟೆಯಲ್ಲಿ ಬಿಡಿಸಿ ಇಡುತ್ತೇನೆ. ಚಹಾ ತಯಾರಿಸುವವರು ಹಸಿ ಎಲೆಯನ್ನು ಬಿಸಿಲಲ್ಲಿ ಬಾಡಿಸಿದ ಮೇಲೆ ಬಿದಿರಿನ ಡ್ರಮ್ಮಿನಲ್ಲಿ ಹಾಕಿ ತಿರುಗಿಸುವಾಗ ಎಲೆಯ ಅಂಚು ಮಾತ್ರ ಜಜ್ಜಿ ಕೆಂಪಾಗಿರುತ್ತದೆ. ನಡುವೆ ಹಸಿರು, ಸುತ್ತ ಕೆಂಪು. ಇಳಕಲ್ ಸೀರೆ ಅಂಚಿನ ಹಾಗೆ.