ಸೈಕೆಡೆಲಿಕ್ ಥೆರಪಿ ಬಗ್ಗೆ ಪ್ರಾಜೆಕ್ಟ್ ಮಾಡುವವರು ಥೆರಪಿಸ್ಟನ್ನೂ ಮಾತಾಡಿಸಿ

ಶಿವಮೊಗ್ಗದಲ್ಲಿ ಕೌನ್ಸೆಲಿಂಗ್ ಕಲಿಯುವವರಿಗೆ ನಾನು ಸೂಪರ್‌ವೈಸರ್. ಎಂ.ಎಸ್ಸಿ. ಸೈಕಾಲಜಿ ಓದುವವರು ಈಗೀಗ ಬಂದು, ‘ಮೇಡಂ, ಸೈಕೆಡೆಲಿಕ್ ಥೆರಪಿ ಮೇಲೆ ಪ್ರಾಜೆಕ್ಟ್ ಮಾಡ್ಬೇಕು’ ಅನ್ನುತ್ತಾರೆ. ಮನಸ್ಸಿನ ಗ್ರಹಿಕೆಯನ್ನೇ ಬದಲಿಸುವ ಔಷಧಿ ಕೊಟ್ಟು, ಥೆರಪಿಸ್ಟ್ ಜೊತೆಗಿದ್ದು ಮಾಡುವ ಮಾನಸಿಕ ಚಿಕಿತ್ಸೆ ಅದು. ಖಂಡಿತ ಮಾಡಿ. ಆದರೆ ಇಲ್ಲಿ ಕೂತು ಏನು ಮಾಡಬಹುದು ಅನ್ನೋದು ಮೊದಲೇ ಗೊತ್ತಿರಲಿ.

ಔಷಧಿ ಕೊಟ್ಟು ನೋಡುವ ಮಾತು ಬಿಡಿ. ಈ ಥೆರಪಿಯಲ್ಲಿ ಬಳಸುವ ಸಿಲೋಸೈಬಿನ್ (ಕೆಲವು ಅಣಬೆಗಳಲ್ಲಿರುವ ವಸ್ತು), ಎಲ್‌ಎಸ್‌ಡಿ, ಎಂಡಿಎಂಎ ಮೂರೂ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತವೆ. ಮಳೆಗಾಲದಲ್ಲಿ ಸಗಣಿ ಮೇಲೆ ಏಳುವ ಅಣಬೆ ತಿಂದು ನೋಡುವ ಯೋಚನೆಯಂತೂ ಬೇಡವೇ ಬೇಡ. ಕಾನೂನಿನ ಮಾತು ಹಾಗಿರಲಿ, ವಿಷದ ಅಣಬೆಯಿಂದ ಜೀವವೇ ಹೋಗಬಹುದು.

ನಾವು ಮಾಡಬಹುದಾದ್ದು, ಮಾಡಬೇಕಾದ್ದು ಬೇರೆ ಇದೆ. ರೋಗಿಯ ಎದುರು ಕೂರುವ ಥೆರಪಿಸ್ಟ್, ಅದರಲ್ಲೂ ಇನ್ನೂ ಕಲಿಯುತ್ತಿರುವವರು, ಹೇಗಿದ್ದಾರೆ? ಎಂಡಿಎಂಎ ಟ್ರಯಲ್‌ಗಳಲ್ಲಿ ಔಷಧಿ ಕೊಡುವ ಒಂದು ಸೆಷನ್ ಸುಮಾರು ಎಂಟು ಗಂಟೆ ನಡೆಯುತ್ತದೆ, ಇಬ್ಬರು ಥೆರಪಿಸ್ಟ್ ಜೊತೆಗಿರುತ್ತಾರೆ. ಜಾಸ್ತಿ ಹೊತ್ತು ಮಾತೇ ಇಲ್ಲ, ಸುಮ್ನೆ ಕೂತಿರಬೇಕು. ಕೌನ್ಸೆಲಿಂಗ್ ಕಲಿಯುವ ನಮ್ಮ ಹುಡುಗಿಯರು ಕ್ಲೈಂಟ್ ಎದುರು ಮುಕ್ಕಾಲು ಗಂಟೆ ಕೂತು ಎದ್ದರೇ ಮುಖ ಬಾಡಿರುತ್ತದೆ.

ಓದುವುದನ್ನು 2022ರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಿಲೋಸೈಬಿನ್ ಟ್ರಯಲ್‌ನಿಂದ ಶುರು ಮಾಡಿ. 233 ಜನ, 25, 10, 1 ಮಿಲಿಗ್ರಾಂ ಡೋಸ್ ಅಂತ ಮೂರು ಗುಂಪು. ಯಾವ ಪೇಪರ್ ಹಿಡಿದರೂ ಎರಡು ಪ್ರಶ್ನೆ ಕೇಳಿಕೊಳ್ಳಿ. ತನಗೆ ಸಿಕ್ಕಿದ್ದು ನಿಜವಾದ ಔಷಧಿಯೇ ಅಂತ ರೋಗಿಗೆ ಗೊತ್ತಾಗಿಬಿಡುತ್ತಿತ್ತಾ? ಥೆರಪಿಸ್ಟ್‌ಗಳನ್ನು ಯಾರು ತರಬೇತು ಮಾಡಿದರು, ಯಾರು ನೋಡಿಕೊಂಡರು? 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗೆ ಕೊಡಲಿಲ್ಲ. ಅದೇ ತಿಂಗಳು ‘ಸೈಕೋಫಾರ್ಮಕಾಲಜಿ’ ಪತ್ರಿಕೆ ಮೂರು ಎಂಡಿಎಂಎ ಲೇಖನಗಳನ್ನು ವಾಪಸ್ ತೆಗೆದುಕೊಂಡಿತು. ಒಂದು ಟ್ರಯಲ್ ಕೇಂದ್ರದಲ್ಲಿ ನಡೆದ ಅನೈತಿಕ ನಡವಳಿಕೆ ಅದಕ್ಕೆ ಒಂದು ಕಾರಣ. ಎರಡನೇ ಪ್ರಶ್ನೆ ಎಷ್ಟು ಮುಖ್ಯ ನೋಡಿ.

ಕಲಿಯುವವರು ಹೇಗಿದ್ದಾರೆ ಅಂತ ಅಳೆಯಲು ಡಬ್ಲ್ಯುಎಚ್‌ಒ-5 ಸಾಕು. ಮನಸ್ಸಿನ ನೆಮ್ಮದಿ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ಅದು. ಐದೇ ಪ್ರಶ್ನೆ, ಒಂದೊಂದಕ್ಕೆ 0ಯಿಂದ 5. ಕೂಡಿ, 4ರಿಂದ ಗುಣಿಸಿ. ಒಟ್ಟು 9 ಬಂದರೆ 36 ಅಂತಾಯಿತು. 50ಕ್ಕಿಂತ ಕಡಿಮೆ ಇದ್ದರೆ ಗಮನ ಕೊಡಬೇಕು. ಅದು ಕೇಳುವುದು ಕಳೆದ ಎರಡು ವಾರದ ಬಗ್ಗೆ ಮಾತ್ರ. ಜುಲೈನಲ್ಲಿ ಹಾಸ್ಟೆಲ್ ಬಟ್ಟೆ ಒಣಗಿರುವುದಿಲ್ಲ, ಕರೆಂಟ್ ಇರುವುದಿಲ್ಲ, ಇಂಟರ್ನಲ್ಸ್ ಎದುರಿಗಿರುತ್ತದೆ. ಆಗ ಫಾರಂ ಕೊಟ್ಟರೆ ನೀವು ಅಳೆಯುವುದು ಮಳೆಗಾಲವನ್ನೇ. ನವೆಂಬರ್‌ನಲ್ಲಿ ಇನ್ನೊಂದು ಸಲ ಕೊಡಿ.

ಅಂಕಿ ಎಲ್ಲವನ್ನೂ ಹೇಳುವುದಿಲ್ಲ, ಆಮೇಲೆ ಕೂತು ಮಾತಾಡಿಸಿ. ‘ಸ್ಟ್ರೆಸ್ ಇದೆಯಾ?’ ಅಂದರೆ ‘ಇಲ್ಲ ಮೇಡಂ’ ಅಂತಲೇ ಉತ್ತರ. ‘ಹೋದ ವಾರ ಕ್ಲೈಂಟ್ ಎದ್ದು ಹೋದಮೇಲೆ ಏನು ಮಾಡಿದ್ರಿ?’ ಅಂತ ಕೇಳಿ. ಒಬ್ಬ ಹುಡುಗಿ ಹೇಳಿದಳು: ‘ಬಸ್ ಸ್ಟ್ಯಾಂಡಲ್ಲಿ ಎರಡು ಬಸ್ ಬಿಟ್ಟು ಮೂರನೇದು ಹತ್ತುತ್ತೀನಿ. ಇದನ್ನೆಲ್ಲ ಮನೆಗೆ ಹೊತ್ಕೊಂಡು ಹೋಗ್ಬಾರ್ದು ಅಂತ.’ ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಂಥವರ ಮುಂದೆ ಎಂಟು ಗಂಟೆಯ ಸೆಷನ್ನಿನ ವಿವರವನ್ನು ಒಂದು ಪುಟದಲ್ಲಿ ಬರೆದು ಓದಿ. ‘ಇದರಲ್ಲಿ ಯಾವ ಹೊತ್ತು ನಿಮಗೆ ಕಷ್ಟ?’ ಅಂತ ಕೇಳಿ. ನಿಮ್ಮ ಪ್ರಾಜೆಕ್ಟಿನ ತಿರುಳು ಅಲ್ಲೇ ಸಿಗುತ್ತದೆ.

ನಮ್ಮ ಬ್ಯಾಚ್‌ಗಳು ಚಿಕ್ಕವು. ತೀರ್ಥಹಳ್ಳಿ ಕಡೆಯವರು, ಮದುವೆಯಾಗಿದೆ, ವಯಸ್ಸು 31 ಅಂತ ಬರೆದರೆ ಹೆಸರು ಬರೆದಂತೆಯೇ, ಅಲ್ವಾ? ಊರು ಕೇಳಲೇಬೇಡಿ. ಮಾರ್ಕ್ಸ್ ಹಾಕುವ ಮೇಷ್ಟ್ರು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಹಾಗಾಗಿ ಫಾರಂ ಸಂಗ್ರಹಿಸುವವರು ಬೇರೆಯವರಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಸಂಶೋಧನಾ ನೀತಿ ಮಾರ್ಗಸೂಚಿ ಓದಿ, ಎಥಿಕ್ಸ್ ಕಮಿಟಿ ಒಪ್ಪಿಗೆ ಬಂದಮೇಲೇ ಮೊದಲ ಫಾರಂ ಹಂಚಿ.

ಹೆಸರಿಲ್ಲದ ಫಾರಂನಲ್ಲಿ 36 ಕಂಡರೆ ಆ ವ್ಯಕ್ತಿಯನ್ನು ನೀವು ಹುಡುಕಲಾರಿರಿ. ಅದಕ್ಕೆ ಪ್ರತಿ ಹಾಳೆಯ ಕೆಳಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದಪ್ಪಗೆ ಅಚ್ಚಾಗಿರಲಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಊರಿನ ಒಬ್ಬ ಕೌನ್ಸೆಲರನ್ನೂ ಮೊದಲೇ ಒಪ್ಪಿಸಿ, ಅವರು ಸಿಗುವ ಸಮಯವನ್ನು ಅದರ ಪಕ್ಕದಲ್ಲೇ ಹಾಕಿ. ಇವೆರಡೂ ಇಲ್ಲದ ಫಾರಂಗೆ ನಾನು ಸಹಿ ಹಾಕುವುದಿಲ್ಲ.